ಒತ್ತಿನ ದ್ಯಾವಯ್ಯನ ನಿಲ್ಲದ ಉಸಿರು

ದ್ಯಾವಯ್ಯನ ಮುತ್ತಜ್ಜ ಸಿದ್ದಯ್ಯ. ಹೇಮಾವತಿಗೆ ಅಣೆಕಟ್ಟು ಬರುವುದಕ್ಕೆ ಎಷ್ಟೋ ಹಿಂದಿನ ಮಾತು. ಅರಕಲಗೂಡು ಸೀಮೆಯ ಹೆಣ್ಣಿನ ದಿಬ್ಬಣವನ್ನು ಹೊಳೆನರಸೀಪುರಕ್ಕೆ ತರುತ್ತಿದ್ದ ಹರಿಗೋಲು ಬೆಳಗಿನ ಮಂಜಿನಲ್ಲಿ ದಾರಿ ತಪ್ಪಿ, ಸುಳಿಗೆ ಸಿಕ್ಕಿ ಬುಗುರಿಯಂತೆ ತಿರುಗಿತಂತೆ. ದಡದವರಿಗೆ ಹರಿಗೋಲು ಕಾಣದು, ಹರಿಗೋಲಿನವರಿಗೆ ದಡ ಕಾಣದು. ಕೂಗಿ ಕೂಗಿ ಎಲ್ಲರ ಗಂಟಲೂ ಒಣಗಿದಾಗ, ವಾಲಗದವರ ಜೊತೆ ಹರಿಗೋಲಿನಲ್ಲಿದ್ದ ಸಿದ್ದಯ್ಯ ಕಂಕುಳಲ್ಲಿದ್ದ ಒತ್ತು ವಾದ್ಯವನ್ನು ತೆಗೆದು ಬಾಯಿಗಿಟ್ಟ. ದಡದ ಬೆಸ್ತರು ಆ ಒಂದೇ ಸ್ವರದ ಜಾಡು ಹಿಡಿದು ಹಗ್ಗ ಎಸೆದರು. ಹರಿಗೋಲು ಮರಳಿಗೆ ತಾಗಿ, ಹೆಂಗಸರು ಇಳಿದು, ಸೀರೆ ಹಿಂಡಿಕೊಂಡು ದಡ ಹತ್ತಿದರೂ ಸಿದ್ದಯ್ಯ ಊದುತ್ತಲೇ ಇದ್ದ. ನಾಗಸ್ವರದವನು ಬಂದು ಮೊಣಕಾಲು ಮುಟ್ಟಿದ ಮೇಲೆಯೇ ನಿಲ್ಲಿಸಿದ್ದು.

ಸಿದ್ದಯ್ಯನ ಮಗ ನಂಜಯ್ಯ. ಒಬ್ಬ ಪಟೇಲನಿಗೆ ಇವನ ಉಸಿರು ತುಂಡು ಮಾಡಬೇಕೆಂಬ ಹಟ ಬಂತು. ಮದುವೆ ಚಪ್ಪರದಲ್ಲಿ ನಂಜಯ್ಯನ ಎದುರಿಗೆ ಆಳುಗಳನ್ನು ಸಾಲಾಗಿ ಕೂರಿಸಿ, ಕೈಗೊಂದು ಹುಣಸೆಹಣ್ಣು ಕೊಟ್ಟು ಚೀಪಲು ಹೇಳಿದ. ಊದುವವನ ಬಾಯಲ್ಲಿ ನೀರೂರಿದರೆ ಅಲ್ಲಿಗೆ ಮುಗಿಯಿತಲ್ಲ! ಆಳುಗಳು ಲೊಟ್ಟೆ ಹೊಡೆದು ಹೊಡೆದು ಚೀಪಿದರು. ನಂಜಯ್ಯನ ಕಣ್ಣಲ್ಲಿ ನೀರು ಬಂತೇ ಹೊರತು ಸ್ವರ ಕೂದಲೆಳೆಯಷ್ಟೂ ಬಾಗಲಿಲ್ಲ. ಕೊನೆಗೆ ಜೊಲ್ಲು ಬಿದ್ದದ್ದು ಪಟೇಲನ ಹೆಗಲ ಜರಿ ವಲ್ಲಿಯ ಮೇಲೆ.

ನಂಜಯ್ಯನ ಮಗ ತಿಮ್ಮಯ್ಯ. ರುದ್ರಪಟ್ಟಣದ ಒಂದು ಜಗಲಿಯಲ್ಲಿ ಕೂತಿದ್ದ ಹಿರಿಯ ವಿದ್ವಾಂಸರು ಅವನ ಒತ್ತು ಕೇಳಿ, "ಇದಕ್ಕೆ ತಂಬೂರಿ ಶ್ರುತಿ ಸೇರಿಸಿಕೊಳ್ಳಬಹುದು ಕಣಯ್ಯ" ಅಂದರಂತೆ. ಆ ಒಂದು ಮಾತನ್ನು ತಿಮ್ಮಯ್ಯ ಸಾಯುವ ತನಕ ಬೆಲ್ಲದ ಹಾಗೆ ನೆಕ್ಕಿಕೊಂಡಿದ್ದ. ಅವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನಾದ ಕೃಷ್ಣಪ್ಪನ ಕೈಗೆ ನಾಗಸ್ವರ ಕೊಟ್ಟ. ಚಿಕ್ಕವನಾದ ದ್ಯಾವಯ್ಯನ ಕೈಗೆ ಒತ್ತು ಕೊಟ್ಟ.

ಒತ್ತು ಅಂದರೆ ನೋಡುವುದಕ್ಕೆ ನಾಗಸ್ವರವೇ. ಆದರೆ ಬೆರಳಾಡಿಸುವ ತೂತುಗಳಿಲ್ಲ. ರಾಗವಿಲ್ಲ, ಕೀರ್ತನೆಯಿಲ್ಲ. ಒಂದೇ ಸ್ವರವನ್ನು ಎಲ್ಲೂ ಕಡಿಯದೆ ಊದಬೇಕು. ಅದರ ಮೇಲೆ ನಾಗಸ್ವರ ಹತ್ತುತ್ತದೆ, ಇಳಿಯುತ್ತದೆ. ಹಾಗೆ ಊದಬೇಕಾದರೆ ಕೆನ್ನೆಯನ್ನು ತಿದಿ ಮಾಡಿಕೊಂಡು ಬಾಯಲ್ಲಿ ಬಿಡುತ್ತಿರುವಾಗಲೇ ಮೂಗಲ್ಲಿ ಎಳೆದುಕೊಳ್ಳುತ್ತಿರಬೇಕು. ಚಿಕ್ಕಂದಿನಲ್ಲಿ ಪರಂಗಿ ಎಲೆಯ ಕೊಳವೆಯನ್ನು ಚೆಂಬಿನ ನೀರಿಗಿಟ್ಟು ಊದಿಸಿ, ಗುಳ್ಳೆ ನಿಂತರೆ ತಿಮ್ಮಯ್ಯ ತಲೆಗೊಂದು ಮೊಟಕುತ್ತಿದ್ದ. ಹಾಗೆ ಮೊಟಕಿಸಿಕೊಂಡ ತಲೆ ಈಗ ನರೆತಿದೆ. ಗುಳ್ಳೆ ಮಾತ್ರ ಆಮೇಲೆ ಎಂದೂ ನಿಂತಿಲ್ಲ.

"ಅದೇನ್ರೀ, ಆವಯ್ಯ ಒಂದೇ ಸಮ ಊದ್ತಾನೆ, ಏನೂ ನುಡ್ಸಾಕಿಲ್ವ?" ಎಂದು ಮದುವೆ ಮನೆಗಳಲ್ಲಿ ಯಾರಾದರೂ ಕೇಳುವುದುಂಟು.

"ನಾನು ಅಂಗಳದಾಗೆ ಕುಣಿಯೋನು. ಅವನು ಅಂಗಳ" ಅನ್ನುತ್ತಿದ್ದ ಕೃಷ್ಣಪ್ಪ.

ಅವರ ಮನೆತನದ ಕಟ್ಟಳೆಯೆಂದರೆ, ಒತ್ತು ಎಲ್ಲಕ್ಕಿಂತ ಮೊದಲು ಶುರುವಾಗಬೇಕು, ಎಲ್ಲಕ್ಕಿಂತ ಕೊನೆಗೆ ನಿಲ್ಲಬೇಕು. ಯಾವಾಗ ನಿಲ್ಲಬೇಕೆಂಬುದು ಒತ್ತಿನವನ ಕೈಲಿಲ್ಲ. ನಾಗಸ್ವರದವನು ತನ್ನದನ್ನು ಇಳಿಸಿ, ಪಕ್ಕದವನ ಮೊಣಕಾಲ ಮೇಲೆ ಕೈಯಿಟ್ಟು ಮೆಲ್ಲಗೆ ಅದುಮಬೇಕು. ಆಗ ಉಸಿರು ತಾನಾಗಿ ಕೂರುತ್ತದೆ. ದ್ಯಾವಯ್ಯನ ಬಲ ಮೊಣಕಾಲಿಗೆ ಅಣ್ಣನ ಅಂಗೈಯ ಬಿಸಿ ಗೊತ್ತು, ಉಂಗುರದ ಒರಟು ಗೊತ್ತು. ಹೆಂಡತಿ ಸುವರ್ಣಮ್ಮ ನಗೆಯಾಡುತ್ತಿದ್ದಳು: "ನಿಮ್ಮಿಬ್ರ ಮಧ್ಯೆ ನಾನು ಬಂದಿದ್ದೇ ತಪ್ಪು ಬುಡಿ."

ಹಾಗಿದ್ದ ದ್ಯಾವಯ್ಯನ ಬಲಪಕ್ಕೆ ಒಂದು ವರ್ಷ ಮದುವೆಗಳ ಕಾಲ ಮುಗಿಯುವ ಹೊತ್ತಿಗೆ ಭಾರ ಭಾರ ಎನ್ನಿಸತೊಡಗಿತು. ಊಟ ಸೇರದಾಯಿತು. ಹಾಸನದಲ್ಲಿ ನೋಡಿದ ಡಾಕ್ಟರು ಆರತಿಯವರು, ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಬೆಟ್ಟದ ನೆಲ್ಲಿಕಾಯಿ ಗಾತ್ರದ ಗೆಡ್ಡೆ ಇದೆ, ಕ್ಯಾನ್ಸರ್ರು ಅಂದರು. ಬೀದಿಯವರು, ವಾಲಗದವನಲ್ಲವಾ, ಕುಡಿದಿರುತ್ತಾನೆ ಎಂದು ಆಡಿಕೊಂಡರು. ದ್ಯಾವಯ್ಯ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ಎಂದೋ ಬಂದು ಹೋಯಿತೆಂದುಕೊಂಡಿದ್ದ ಕಾಮಾಲೆ ಹೋಗಿರಲಿಲ್ಲ, ಒಳಗೇ ಕೂತು ಈಲಿಯನ್ನು ಕೊರೆದಿತ್ತು.

ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಪಕ್ಕೆಯೊಳಗೆ ಕಾದ ಸೂಜಿ ಇಳಿಸಿ ಗೆಡ್ಡೆಯನ್ನು ಸುಟ್ಟರು. ಗಾಯ ಮಾಗುವ ತನಕ, ಸ್ಕ್ಯಾನು ಮಾಡಿ ಏನೂ ಉಳಿದಿಲ್ಲ ಎಂದು ನೋಡುವ ತನಕ, ಹೊಟ್ಟೆಗೆ ಬಿಗಿ ಬೀಳುವ ಕೆಲಸ ಮಾಡಕೂಡದು, ಊದಲೇ ಕೂಡದು ಎಂದು ಅಪ್ಪಣೆಯಾಯಿತು. ಒತ್ತು ಬಟ್ಟೆಚೀಲ ಸೇರಿ ಗೋಡೆಯ ಗೂಟಕ್ಕೆ ಹೋಯಿತು.

ಮದುವೆಗಳು ನಿಲ್ಲುತ್ತವೆಯೇ? ಕೃಷ್ಣಪ್ಪ ಶ್ರುತಿಪೆಟ್ಟಿಗೆ ತಂದ. ಕರೆಂಟಿನದು. ಗುಂಡಿ ಒತ್ತಿದರೆ ಹೊತ್ತು ಮುಳುಗುವ ತನಕ ಬೇಕಾದರೂ ಒಂದೇ ಸ್ವರ ಹಿಡಿದಿರುತ್ತದೆ. ಅದನ್ನು ತಮ್ಮನಿಗೆ ತೋರಿಸಲು ತಂದದ್ದೇ ತಪ್ಪಾಯಿತು.

"ನನ್ ಜಾಗದಾಗೆ ಇದ ಮಡಿಕ್ಕಂಡು ಕೂತ್ಕತೀಯಾ?" ಎಂದ ದ್ಯಾವಯ್ಯ.

"ಇನ್ನೇನ್ಲಾ ಮಾಡ್ಲಿ? ತಮ್ಮಂಗೆ ಉಷಾರಿಲ್ಲ, ತಾಳಿ ಮುಂದಿನ್ ವರ್ಸ ಕಟ್ಕಳಿ ಅನ್ಲಾ?"

"ಅದಕ್ಕೆ ಮೊಣಕಾಲು ಐತಾ ಅಣ್ಣೋ?"

ಕೃಷ್ಣಪ್ಪ ಪೆಟ್ಟಿಗೆ ಎತ್ತಿಕೊಂಡು ಎದ್ದು ಹೋದ. ಇಬ್ಬರ ಮನೆಗೂ ನಡುವೆ ಎರಡೇ ಬಾಗಿಲು. ಆದರೂ ಅಂದಿನಿಂದ ಅಣ್ಣತಮ್ಮಂದಿರ ಮಾತು ಸುವರ್ಣಮ್ಮನ ಮೂಲಕವೇ ಓಡಾಡಬೇಕಾಯಿತು.

ಸ್ಕ್ಯಾನಿನ ದಿನ ಬಂತು. ಹಾಸನದ ಬಸ್ಸಿನಲ್ಲಿ ಗಂಡಹೆಂಡಿರು ಕಿಟಕಿ ಪಕ್ಕ ಕೂತರು. ಹೊಲದಲ್ಲಿ ಆಲೂಗೆಡ್ಡೆ ಕಿತ್ತು ಮುಗಿದಿತ್ತು. ಕಿತ್ತ ಸಾಲಿನಲ್ಲಿ ಹೆಂಗಸರು ಬಗ್ಗಿ ಹಕ್ಕಲು ಆಯುತ್ತಿದ್ದರು. ಎಷ್ಟೇ ಕೆದಕಿ ಕಿತ್ತರೂ ಒಂದೊಂದು ಗೆಡ್ಡೆ ಮಣ್ಣಲ್ಲಿ ಉಳಿದೇ ಉಳಿಯುತ್ತದೆ. ಉಳಿದದ್ದು ಮುಂದಿನ ಮಳೆಗೆ ಮೊಳೆಯುತ್ತದೆ. ದ್ಯಾವಯ್ಯ ಆ ಹೆಂಗಸರನ್ನು ಕಣ್ಣಿಗೆ ಮರೆಯಾಗುವ ತನಕ ತಿರುಗಿ ತಿರುಗಿ ನೋಡಿದ.

ಡಾಕ್ಟರು ಹೇಳಿದ್ದೂ ಅದೇ ದಾರಿಯ ಮಾತು. "ಕೈಯ ನರಕ್ಕೆ ಒಂದು ಔಷಧಿ ಬಿಡ್ತೀವಿ. ರಕ್ತದ ಜೊತೆ ಈಲಿಗೆ ಹೋಗತ್ತೆ. ಸುಟ್ಟು ಸತ್ತಿರೋ ಗೆಡ್ಡೆ ಅದನ್ನ ಕುಡಿಯಲ್ಲ, ಚಿತ್ರದಲ್ಲಿ ಕಪ್ಪಗೇ ಇರತ್ತೆ. ಜೀವ ಉಳಿಸಿಕೊಂಡಿರೋ ಚೂರು ಇದ್ದರೆ ಗಟಗಟ ಕುಡಿದು ಬೆಳ್ಳಗೆ ಹೊಳೆಯತ್ತೆ. ಹೊಳೆಯೋದು ಸ್ವಲ್ಪ ಹೊತ್ತು ಮಾತ್ರ. ಅಷ್ಟರಲ್ಲಿ ಚಿತ್ರ ಹಿಡೀಬೇಕು. ನೀವು ಉಸಿರು ಕಟ್ಟಿ ಅಲುಗಾಡದೆ ಮಲಗಿರಬೇಕು, ಅಷ್ಟೆ."

"ಉಸಿರಿನ ಇಸ್ಯ ನಂಗೆ ಬುಡಿ ತಾಯಿ" ಎಂದು ದ್ಯಾವಯ್ಯ ಎದೆ ಸೆಟೆಸಿದ. ಸುವರ್ಣಮ್ಮ, ನಮ್ಮೆಜಮಾನರು ಇಡೀ ಮುಹೂರ್ತ ಒಂದೇ ಉಸಿರಲ್ಲಿ ಊದುವವರು ಎಂದು ನರ್ಸಿಗೂ ಹೇಳಿದಳು.

ದೊಡ್ಡ ಬಳೆಯಂಥ ಯಂತ್ರ. ಅದರ ನಡುವೆ ತೂರುವ ಹಲಗೆ. ಸ್ಕ್ಯಾನು ಮಾಡುವ ಹುಡುಗ ರಜನೀಶ್ ದ್ಯಾವಯ್ಯನ ಎರಡೂ ಕೈ ತಲೆಯ ಮೇಲಕ್ಕೆ ಚಾಚಿಸಿ, ಸೂಜಿಗೆ ಕೊಳವೆ ಸಿಕ್ಕಿಸಿ, ಗಾಜಿನ ಆಚೆಗೆ ಹೋದ. ಔಷಧಿ ಒಳಗಿಳಿದದ್ದೇ ಗಂಟಲಿಂದ ತೊಡೆಯ ತನಕ ಬಿಸಿನೀರು ಹರಿದ ಹಾಗಾಯಿತು. ಬಾಯಲ್ಲಿ ತಾಮ್ರದ ಕಾಸು ಇಟ್ಟುಕೊಂಡ ರುಚಿ. ಯಂತ್ರದೊಳಗಿನ ದನಿ, ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ ಎಂದಿತು. ದ್ಯಾವಯ್ಯ ಎಳೆದುಕೊಂಡ, ತುಟಿ ಬಿಗಿದ, ಕಣ್ಣು ಮುಚ್ಚಿದ.

ರಜನೀಶ್ ಬಾಗಿಲು ತೆಗೆದುಕೊಂಡು ಓಡಿಬಂದ. "ಯಜಮಾನ್ರೇ, ಹಿಡ್ಕಳಿ ಅಂದ್ರೆ ಉಸಿರಾಡ್ತಾ ಇದ್ದೀರಲ್ಲ!"

"ಬಾಯಿ ತೆಗ್ದೇ ಇಲ್ವಲ್ಲಪ್ಪ ನಾನು."

"ಬಾಯಿ ಮುಚ್ಚಿತ್ತು. ಕೆನ್ನೆ ಪೂರಿ ತರ ಊದ್ಕೊಂಡಿತ್ತು. ಮೂಗಲ್ಲಿ ಎಳೀತಾನೇ ಇದ್ರಿ. ಚಿತ್ರದಲ್ಲಿ ಹೊಟ್ಟೆ ಎಲ್ಲ ಅಲೆ ಅಲೆ ಬಂದೈತೆ."

ದ್ಯಾವಯ್ಯ ತನ್ನ ಕೆನ್ನೆ ಮುಟ್ಟಿ ನೋಡಿಕೊಂಡ. ಹೌದು, ತುಂಬಿದ ತಿದಿಯ ಹಾಗೇ ಇತ್ತು. ತುಟಿ ಬಿಗಿದ ಕೂಡಲೇ ಮೈ ತನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿತ್ತು. ಉಸಿರನ್ನು ಎಂದೂ ನಿಲ್ಲದ ಹಾಗೆ ಸಾಕಿದವನಿಗೆ, ಅದನ್ನು ಕಟ್ಟಿ ಕೂರಿಸುವುದನ್ನು ಯಾರೂ ಕಲಿಸಿರಲಿಲ್ಲ. ಮತ್ತೆರಡು ಸಲ ನೋಡಿದರು. ಅಲೆ ನಿಲ್ಲಲಿಲ್ಲ.

ಡಾಕ್ಟರು ಚಿತ್ರವನ್ನು ಪರದೆಯ ಮೇಲೆ ಹಿಂದಕ್ಕೆ ಮುಂದಕ್ಕೆ ಓಡಿಸಿದರು. "ನೋಡಿ, ಸುಟ್ಟ ಜಾಗ ಇದು. ಇದರ ಅಂಚಲ್ಲಿ ಏನೋ ಮಬ್ಬು ಇದೆ. ಉಳಿದಿರೋ ಗೆಡ್ಡೆಯೋ, ಉಸಿರಿನ ಅಲುಗಾಟವೋ, ನಾನು ಹೇಳಕ್ಕಾಗಲ್ಲ. ಇಲ್ಲ ಅಂದು ಕಳಿಸಿ, ಇದ್ದುಬಿಟ್ಟರೆ? ಮುಂದಿನ ವಾರ ಬನ್ನಿ. ಮನೇಲಿ ಅಭ್ಯಾಸ ಮಾಡಿ."

"ಅಲ್ಲಿಗಂಟ ಊದಂಗಿಲ್ವಾ ತಾಯಿ?"

"ಇಲ್ಲಪ್ಪ."

ಮನೆಯಲ್ಲಿ ಚಾಪೆ ಹಾಸಿ ಅಭ್ಯಾಸ ಶುರುವಾಯಿತು. ಸುವರ್ಣಮ್ಮ ಗಂಡನ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂತಳು. ದ್ಯಾವಯ್ಯ ಎಳೆದುಕೊಂಡು ತುಟಿ ಬಿಗಿದ.

"ಆಡ್ತಾ ಐತೆ."

"ಇಲ್ಲ ಕಣೆ."

"ನನ್ ಕೈ ಸುಳ್ಳು ಏಳ್ತೈತಾ? ಮಾತು ಕೇಳದ ಗಂಡ ಸಿಕ್ಕವ್ನೆ ಅಂತಿದ್ದೆ, ಇವ್ನ ಹೊಟ್ಟೇನೂ ಕೇಳಾಕಿಲ್ವಲ್ಲ ಸಿವ್ನೇ."

ಮೂಗು ಹಿಡಿದು ನೋಡಿದಳು. ಬಾಯಿ ಬಿಟ್ಟ. ಬಾಯಿಗೂ ಕೈ ಅಡ್ಡ ಇಟ್ಟಳು. ಕಾಲು ಝಾಡಿಸಿದ. ಇಬ್ಬರಿಗೂ ನಗು ಬಂತು. ನಕ್ಕು ಮುಗಿಯುವಷ್ಟರಲ್ಲಿ ಬೀದಿ ಕೊನೆಯ ಕಲ್ಯಾಣ ಮಂಟಪದಿಂದ ನಾಗಸ್ವರ ಕೇಳಿಸಿತು.

ಕೃಷ್ಣಪ್ಪನದೇ. ಮೇಲಿನ ಸ್ವರಕ್ಕೆ ಏರುವ ಮುಂಚೆ ಹೊಸಿಲ ಬಳಿ ನಿಂತವನ ಹಾಗೆ ಒಂಚೂರು ತಡೆಯುವುದು ಅವನೊಬ್ಬನೇ. ಅವನು ಹಾಗೆ ತಡೆದಾಗಲೆಲ್ಲ ದ್ಯಾವಯ್ಯ ಒತ್ತಿಗೆ ಕೂದಲೆಳೆಯಷ್ಟು ಕಸುವು ಹೆಚ್ಚು ಕೊಡುತ್ತಿದ್ದ. ಹೋಗು, ನಾನಿದ್ದೀನಿ ಅಂದ ಹಾಗೆ. ಕೇಳುವವರಿಗೆ ತಿಳಿಯುತ್ತಿರಲಿಲ್ಲ, ಅಣ್ಣನಿಗೆ ತಿಳಿಯುತ್ತಿತ್ತು. ಈಗ ಕೆಳಗೆ ಪೆಟ್ಟಿಗೆ ಒಂದೇ ಸಮ ಗುಂಯ್ ಅನ್ನುತ್ತಿತ್ತು. ಸ್ವರದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ಆದರೆ ಅಣ್ಣ ತಡೆದು ನಿಂತಾಗ ಅದು ಏನನ್ನೂ ಅನ್ನಲಿಲ್ಲ. ಕೃಷ್ಣಪ್ಪ ಒಬ್ಬನೇ ಹೊಸಿಲ ಬಳಿ ನಿಂತು, ಒಬ್ಬನೇ ದಾಟಿದ.

ದ್ಯಾವಯ್ಯನ ಕೆನ್ನೆ ತುಂಬಿಕೊಂಡಿತು. ತುಟಿಗಳ ನಡುವೆ ಏನೂ ಇರಲಿಲ್ಲ, ಬರೀ ಗಾಳಿ. ಗೂಟದ ಮೇಲಿನ ಚೀಲವನ್ನು ನೋಡುತ್ತಾ, ಆ ಬರೀ ಗಾಳಿಯನ್ನೇ ಊದುತ್ತಾ, ವಾಲಗ ಮುಗಿಯುವ ತನಕ ಕೂತಿದ್ದ. ವಾಲಗ ನಿಂತಿತು. ಇವನು ನಿಲ್ಲಿಸಲಿಲ್ಲ. ಬಲ ಮೊಣಕಾಲು ಸುಮ್ಮನೆ ಕಾಯುತ್ತಿತ್ತು.

"ಮುಗೀತಲ್ಲ, ಬುಡಿ ಸಾಕು" ಎಂದಳು ಸುವರ್ಣಮ್ಮ.

"ಅವ್ನು ಮುಟ್ದೆ ಎಂಗೆ ನಿಲ್ಸೋದೇ?"

ಸುವರ್ಣಮ್ಮ ಗಂಡನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಎದ್ದು, ಎರಡು ಬಾಗಿಲು ದಾಟಿ ಭಾವನ ಮನೆಗೆ ಹೋದಳು. ಅಲ್ಲಿ ಏನು ಹೇಳಿದಳೋ, ಬಂದವಳೇ ಚಾಪೆ ಸುತ್ತಿಟ್ಟಳು.

ಮುಂದಿನ ವಾರ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಕೃಷ್ಣಪ್ಪ ಬಿಳಿ ಪಂಚೆ ಉಟ್ಟು, ಹೆಗಲ ಮೇಲೆ ಜರಿಯಂಚಿನ ವಲ್ಲಿ ಹಾಕಿಕೊಂಡು ಹಾಸನದ ಬಸ್ಸಿಗೆ ನಿಂತಿದ್ದ. ತಮ್ಮನ ಕಡೆ ನೋಡದೆ, "ನಂಗೂ ಆಸನ್ದಾಗೆ ಕೆಲ್ಸ ಐತೆ" ಎಂದ, ಯಾರಿಗೋ ಹೇಳುವ ಹಾಗೆ.

"ಏನ್ ಕೆಲ್ಸ ಅಂತೆ?" ದ್ಯಾವಯ್ಯ ಹೆಂಡತಿಯನ್ನು ಕೇಳಿದ.

"ನಿಮ್ಮಣ್ಣ ಅಲ್ಲೇ ಅವ್ರಲ್ಲ, ನೀವೇ ಕೇಳಿ. ನಂಗೇನ್ ಟಪಾಲು ಓರೋ ಕೆಲ್ಸವಾ?"

ಬಸ್ಸಿನಲ್ಲಿ ಮೂವರ ಸೀಟೇ ಸಿಕ್ಕಿತು.

ಸ್ಕ್ಯಾನು ಕೋಣೆಯಲ್ಲಿ ದ್ಯಾವಯ್ಯ ಹಲಗೆಯ ಮೇಲೆ ಮಲಗಿದ ಮೇಲೆ ಕೃಷ್ಣಪ್ಪ ಬಾಗಿಲು ತಳ್ಳಿಕೊಂಡು ಒಳಗೆ ಬಂದ.

"ಇಲ್ಲಿ ಯಾರೂ ಬರಂಗಿಲ್ಲ ಯಜಮಾನ್ರೇ" ಎಂದ ರಜನೀಶ್.

"ಗೊತ್ತು ಸಾ. ಒಂದು ಗಳಿಗೆ. ಇವ್ನು ನಾನು ಮುಟ್ದೆ ನಿಲ್ಸಾಕಿಲ್ಲ. ನಮ್ಮಪ್ಪ ಕಲ್ಸಿರೋದೇ ಅಂಗೆ."

ರಜನೀಶ್‌ಗೆ ತಲೆಬುಡ ತಿಳಿಯಲಿಲ್ಲ. ಆದರೂ ಹೋದ ವಾರದ ಅಲೆಗಳನ್ನು ಕಂಡಿದ್ದವನು, "ಯಂತ್ರ ಶುರು ಮಾಡೋ ಮುಂಚೆ ಹೊರಗೆ ಹೋಗ್ಬೇಕು" ಅಂದು ಬಿಟ್ಟುಕೊಟ್ಟ.

ಕೃಷ್ಣಪ್ಪ ತಮ್ಮನ ಬಲ ಮೊಣಕಾಲ ಮೇಲೆ ಕೈಯಿಟ್ಟ. ಅದೇ ಬಿಸಿ, ಅದೇ ಉಂಗುರ. ಮೆಲ್ಲಗೆ ಅದುಮಿದ. ಮದುವೆಯಲ್ಲ, ಚಪ್ಪರವಲ್ಲ, ತಣ್ಣಗಿನ ಕೋಣೆ. ಆದರೂ ದ್ಯಾವಯ್ಯನ ಕೆನ್ನೆ ಇಳಿಯಿತು, ಹೊಟ್ಟೆ ಕೂತಿತು.

"ನಾನು ಆಚೆಗೆ ಓಯ್ತೀನಿ. ಇದು ಇಲ್ಲೇ ಇರ್ತೈತೆ" ಎಂದು ಕೃಷ್ಣಪ್ಪ ಹೆಗಲ ವಲ್ಲಿಯನ್ನು ದಪ್ಪಗೆ ಮಡಿಸಿ, ಕೈ ಇಟ್ಟಿದ್ದ ಜಾಗದಲ್ಲೇ ಭಾರವಾಗಿ ಇಟ್ಟ. "ಮುಗೀತು ಕಣ್ಲಾ ದ್ಯಾವ. ಮಂಗಳ ಆಯ್ತು. ನಿಲ್ಸು."

ಬಾಗಿಲು ಮುಚ್ಚಿತು. ಬಿಸಿನೀರು ಹರಿಯಿತು, ತಾಮ್ರದ ರುಚಿ ಬಂತು. ಹಿಡಿದುಕೊಳ್ಳಿ ಎಂದಿತು ದನಿ. ಮೊಣಕಾಲ ಮೇಲೆ ವಲ್ಲಿ ಭಾರವಾಗಿ ಕೂತಿತ್ತು. ದ್ಯಾವಯ್ಯನ ಉಸಿರು ಅಣ್ಣನ ಮಾತು ಕೇಳಿತು. ಒಳಗೆ ಅಷ್ಟು ನಿಶ್ಶಬ್ದವಾಗಬಹುದೆಂದು ಅವನಿಗೆ ಗೊತ್ತೇ ಇರಲಿಲ್ಲ. ಆ ನಿಶ್ಶಬ್ದದಲ್ಲಿ ಅವನಿಗೆ ಬೇಕೆನ್ನಿಸಿದ್ದು ಒಂದೇ: ಇನ್ನೊಂದು ಸಲ, ಒಂದೇ ಸಲ, ಅಣ್ಣ ಹೊಸಿಲ ಬಳಿ ತಡೆದು ನಿಂತಾಗ ಪಕ್ಕದಲ್ಲಿ ಕೂತಿರಬೇಕು.

ಈ ಸಲ ಚಿತ್ರ ಕೆತ್ತಿದ ಹಾಗೆ ಬಂದಿತ್ತು. ಡಾಕ್ಟರು ಬಹಳ ಹೊತ್ತು ನೋಡಿದರು. ಸುಟ್ಟ ಜಾಗ ಕಪ್ಪಗೆ, ಗುಂಡಗೆ ಇತ್ತು. ಅದರ ಅಂಚಿನಲ್ಲಿ, ಹುಣಸೆಬೀಜದಷ್ಟು ಜಾಗ ಬೆಳ್ಳಗೆ ಹೊಳೆಯುತ್ತಿತ್ತು.

"ಉಳಿದಿದೆ" ಎಂದರು ಡಾಕ್ಟರು. "ಹೋದ ವಾರ ಮಬ್ಬು ಅಂತ ಬಿಟ್ಟಿದ್ದರೆ ಇದು ಬೆಳೀತಿತ್ತು. ಈಗ ಚಿಕ್ಕದಿದೆ. ಮುಂದಿನ ತಿಂಗಳು ಇನ್ನೊಂದು ಸೂಜಿ ಹಾಕಿಸೋಣ. ಆಮೇಲೆ ಮತ್ತೆ ಇದೇ ಸ್ಕ್ಯಾನು. ಆಮೇಲೂ ಆಗಾಗ ನೋಡ್ತಿರಬೇಕು."

ಸುವರ್ಣಮ್ಮ ಸೆರಗು ಬಾಯಿಗೊತ್ತಿಕೊಂಡಳು. ಕೃಷ್ಣಪ್ಪ ಗೋಡೆ ನೋಡಿದ. ದ್ಯಾವಯ್ಯನೊಬ್ಬನೇ ಆ ಬಿಳಿ ಚುಕ್ಕೆಯನ್ನು ನೆಟ್ಟ ಕಣ್ಣಿಂದ ನೋಡುತ್ತಿದ್ದ, ಹಕ್ಕಲು ಆಯುವವರು ಕೊನೆಗೂ ಕಾಲಿಗೆ ತಗುಲಿದ ಗೆಡ್ಡೆಯನ್ನು ನೋಡುವ ಹಾಗೆ.

"ತಾಯಿ, ಮುಂದಿನ ತಿಂಗ್ಳು ಅಂದ್ರಲ್ಲ. ಅಲ್ಲಿಗಂಟ?"

ಡಾಕ್ಟರಿಗೆ ಪ್ರಶ್ನೆ ತಿಳಿಯಿತು. "ಹಳೇ ಗಾಯ ಚೆನ್ನಾಗಿ ಮಾಗಿದೆ. ಸ್ವಲ್ಪ ಹೊತ್ತು ಊದಿ. ಒಂದೆರಡು ಕೀರ್ತನೆಯಷ್ಟು, ಅಷ್ಟೆ. ನೋವು ಬಂದರೆ ಅಲ್ಲೇ ನಿಲ್ಲಿಸಬೇಕು. ಸೂಜಿ ಹಾಕಿದ ಮೇಲೆ ಮತ್ತೆ ಬಂದ್."

ಆ ತಿಂಗಳಲ್ಲಿ ಕೃಷ್ಣಪ್ಪ ಒಪ್ಪಿಕೊಂಡಿದ್ದ ಮದುವೆ ಚನ್ನರಾಯಪಟ್ಟಣದ್ದು. ಹಿಂದಿನ ಸಂಜೆ ಗಂಡಿನವರನ್ನು ಎದುರುಗೊಳ್ಳುವ ಹೊತ್ತಿಗೆ ದ್ಯಾವಯ್ಯ ಊದುವುದು, ಬೆಳಗಿನ ಮುಹೂರ್ತಕ್ಕೆ ಪೆಟ್ಟಿಗೆ ಎಂದು ಅಣ್ಣತಮ್ಮ ಒಪ್ಪಿಕೊಂಡರು. ಮನೆಯಿಂದ ಹೊರಡುವಾಗ ದ್ಯಾವಯ್ಯ ಗೂಟದಿಂದ ಚೀಲ ಇಳಿಸಿ, ಒತ್ತಿನ ಬಾಯಿಗೆ ಸಿಕ್ಕಿಸಿ ಊದುವ ಓಲೆಯನ್ನು ನೀರಲ್ಲಿ ನೆನೆಸಿ, ಮಗುವಿನ ಕೆನ್ನೆ ಒರೆಸುವ ಹಾಗೆ ಒರೆಸಿದ. ಇಷ್ಟು ದಿನ ಒಣಗಿದ್ದ ಓಲೆ ಮೆತ್ತಗಾಗಲು ಹೊತ್ತು ಹಿಡಿಯಿತು. ಅವನ ತೋಳುಗಳೂ ಸೊರಗಿದ್ದವು. ಅಂಗಿ ಮೈಮೇಲೆ ಜೋತಾಡುತ್ತಿತ್ತು.

ಮಂಟಪದ ಮುಂದೆ ಜಮಖಾನೆ ಹಾಸಿತ್ತು. ಗಂಡಿನವರ ಬಸ್ಸು ಇನ್ನೇನು ತಿರುವಿನಲ್ಲಿ ಬಂತು ಎಂದು ಯಾರೋ ಕೂಗಿದರು. ಡೋಲಿನವನು ತೊಡೆಯ ಮೇಲೆ ಡೋಲು ಎಳೆದುಕೊಂಡ. ದ್ಯಾವಯ್ಯ ತನ್ನ ಹಳೆಯ ಜಾಗದಲ್ಲಿ, ಅಣ್ಣನ ಮಗ್ಗುಲಲ್ಲಿ, ಬಲ ಮೊಣಕಾಲು ಅವನ ಕಡೆಗೆ ಬರುವ ಹಾಗೆ ಚಕ್ಕಳಬಕ್ಕಳ ಹಾಕಿ ಕೂತ. ನೋಡಿದರೆ, ಇಬ್ಬರ ನಡುವೆ ಪೆಟ್ಟಿಗೆ ಕೂತಿದೆ. ಕೆಂಪು ದೀಪ ಉರಿಯುತ್ತಿದೆ. ಸಣ್ಣಗೆ ಗುಂಯ್ ಅನ್ನುತ್ತಿದೆ.

ಕೃಷ್ಣಪ್ಪ ತಮ್ಮನ ಕಿವಿಗೆ ಬಗ್ಗಿದ. "ಮೆತ್ತಗೆ ಮಡಗಿವ್ನಿ ಕಣ್ಲಾ. ನಿನ್ನ ದನಿ ಅಡೀಗೆ ಇರ್ತೈತೆ, ಯಾರ್ಗೂ ಕೇಳ್ಸಾಕಿಲ್ಲ. ನಡುವೆ ಎಲ್ಲಾದ್ರೂ ನಿನ್ನುಸಿರು ಸೋತ್ರೆ ಇದು ಕೈ ಇಡೀತೈತೆ. ಗೊತ್ತೇ ಆಗಾಕಿಲ್ಲ ಯಾರ್ಗೂ. ಇರ್ಲಿ ಸುಮ್ಕೆ."

ದ್ಯಾವಯ್ಯ ಒತ್ತಿನ ಓಲೆಯನ್ನು ತುಟಿಯಲ್ಲಿ ಇನ್ನೊಮ್ಮೆ ತೇವ ಮಾಡಿದ. ಪೆಟ್ಟಿಗೆಯ ಕಡೆ ನೋಡಿದ, ಅಣ್ಣನ ಕಡೆ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ಬ್ಯಾಡ ಕಣಣ್ಣೋ. ಆರ್ಸಿ ಚೀಲಕ್ಕಾಕು ಅದ. ನನ್ನುಸಿರು ತುಂಡಾದ್ರೆ ಆ ಜಾಗ ಖಾಲಿನೇ ಇರ್ಲಿ. ದ್ಯಾವ ಎಲ್ಲಿ ನಿಂತ ಅಂತ ನಿಂಗಾದ್ರೂ ಕೇಳ್ಸಬೇಕಲ್ಲ."